ಜೆಲ್ ಕಿತ್ತ ಮೇಲೆ ಉಗುರಿಗೆ ಏನಾಗುತ್ತದೆ?

ಜೆಲ್ ಪಾಲಿಶ್ ಹಾಕಿಸಿಕೊಂಡ ಎರಡನೆಯ ವಾರದ ಕೊನೆಗೆ ಯಾವುದೋ ಒಂದು ಉಗುರಿನ ಅಂಚು ಸಣ್ಣಗೆ ಎದ್ದಿರುತ್ತದೆ. ತಲೆ ಬಾಚುವಾಗ ಅದಕ್ಕೆ ಕೂದಲು ಸಿಕ್ಕಿಕೊಳ್ಳುತ್ತದೆ, ಸೀರೆಯ ಎಳೆ ತಗಲುತ್ತದೆ. ಬಸ್ಸಿನಲ್ಲಿ ಕೂತಾಗಲೋ ಫೋನಿನಲ್ಲಿ ಮಾತಾಡುವಾಗಲೋ ಹೆಬ್ಬೆರಳು ತಾನಾಗಿ ಅಲ್ಲಿಗೆ ಹೋಗಿ ಕೆದಕತೊಡಗುತ್ತದೆ. ಬಣ್ಣದ ಹೊದಿಕೆ ಇಡಿಯಾಗಿ ಕಿತ್ತು ಬಂದರೆ ಏನೋ ಒಂದು ಸಮಾಧಾನವೂ ಆಗುತ್ತದೆ. ಕಿತ್ತು ಬಂದದ್ದನ್ನು ತಿರುಗಿಸಿ ನೋಡಿದರೆ ಒಳಮೈಗೆ ಬಿಳಿ ಪೊರೆಯೊಂದು ಅಂಟಿರುತ್ತದೆ. ಆ ಪೊರೆ ಉಗುರಿನದೇ. ಅದು ಇದ್ದ ಜಾಗ ಈಗ ಒರಟಾಗಿ, ಬಿಳಿಚಿಕೊಂಡು, ಒತ್ತಿದರೆ ಬಾಗುವಷ್ಟು ತೆಳ್ಳಗಾಗಿರುತ್ತದೆ.

ಹತ್ತು ವರ್ಷದ ಹಿಂದೆ ಬೆಂಗಳೂರಿನ ಕೆಲವೇ ಬಡಾವಣೆಗಳಲ್ಲಿ ಕಾಣುತ್ತಿದ್ದ ಜೆಲ್ ಮ್ಯಾನಿಕ್ಯೂರ್ ಈಗ ಮೈಸೂರು, ಮಂಗಳೂರು, ಹುಬ್ಬಳ್ಳಿಯ ಪಾರ್ಲರುಗಳ ದರಪಟ್ಟಿಯಲ್ಲೂ ಇದೆ. ಮದುವೆಯ ಮೇಕಪ್ ಜೊತೆಗೆ ಸೇರಿಸಿಯೇ ಕೊಡುತ್ತಾರೆ. ಆನ್‌ಲೈನಿನಲ್ಲಿ ದೀಪ, ಬಣ್ಣ, ಫೈಲ್ ಎಲ್ಲ ಇರುವ ಕಿಟ್ ತರಿಸಿಕೊಂಡು ಮನೆಯಲ್ಲೇ ಹಚ್ಚಿಕೊಳ್ಳುವವರೂ ಹೆಚ್ಚಿದ್ದಾರೆ. ಜೊತೆಗೇ ಉಗುರು ಪದರ ಪದರವಾಗಿ ಏಳುತ್ತಿದೆ, ತುದಿ ಸೀಳುತ್ತಿದೆ, ಬಿಸಿನೀರು ತಾಗಿದರೆ ಚುರುಗುಟ್ಟುತ್ತಿದೆ ಎಂಬ ದೂರೂ ಹೆಚ್ಚಿದೆ. ಅದಕ್ಕೆ ಸಿಗುವ ಉತ್ತರಗಳು ಮೂರೇ: ಜೆಲ್ ವಿಷ, ಮುಟ್ಟಲೇಬೇಡಿ; ಬಯೋಟಿನ್ ಮಾತ್ರೆ ತಗೊಳ್ಳಿ; ಇನ್ನೊಂದು ಕೋಟ್ ಹಾಕಿಸಿದರೆ ಮುಚ್ಚಿಹೋಗುತ್ತದೆ. ಮೂರೂ ಉತ್ತರಗಳು ಹೆಂಗಸರನ್ನು ದಾರಿ ತಪ್ಪಿಸುತ್ತಿವೆ ಎಂದು ನನಗನ್ನಿಸುತ್ತದೆ. ಜೆಲ್‌ನಿಂದ ಆಗುವ ಹಾನಿಯ ಬಹುಪಾಲು ಅದನ್ನು ತೆಗೆಯುವ ಹೊತ್ತಿನಲ್ಲಿ ಆಗುತ್ತದೆ. ಆದ ಹಾನಿಯನ್ನು ಯಾವ ಎಣ್ಣೆ, ಯಾವ ಮಾತ್ರೆಯೂ ವಾಪಸು ಕೂಡಿಸುವುದಿಲ್ಲ. ಯಾಕೆ ಎಂದು ತಿಳಿಯಲು ಉಗುರು ಎಂದರೇನು ಎಂಬಲ್ಲಿಂದಲೇ ಶುರುಮಾಡಬೇಕು.

ನಮಗೆ ಕಾಣುವ ಉಗುರಿನಲ್ಲಿ ಜೀವವಿಲ್ಲ. ಬುಡದ ಚರ್ಮದ ಅಡಿಯಲ್ಲಿ ಅಡಗಿರುವ ಅಂಗಾಂಶವೊಂದರಲ್ಲಿ ಜೀವಕೋಶಗಳು ಹುಟ್ಟಿ, ಚಪ್ಪಟೆಯಾಗಿ, ಕೆರಾಟಿನ್ ಎಂಬ ಪ್ರೋಟೀನಿನಿಂದ ತುಂಬಿ, ಸತ್ತು, ಒಂದರ ಮೇಲೊಂದು ಒತ್ತಿಕೊಂಡು ಮುಂದಕ್ಕೆ ಸರಿಯುತ್ತವೆ. ಕೈಬೆರಳಿನ ಉಗುರಿನ ದಪ್ಪ ಸುಮಾರು ಅರ್ಧ ಮಿಲಿಮೀಟರ್. ಅಷ್ಟರೊಳಗೇ ಮೇಲಿನ ಗಟ್ಟಿ ಪದರ, ನಡುವಿನ ದಪ್ಪ ಪದರ, ಅಡಿಯ ಮೆತ್ತನೆಯ ಪದರ ಎಂದು ಮೂರು ಭಾಗಗಳಿವೆ. ಜೆಲ್ ಕೂರುವುದು ಮೇಲಿನ ಗಟ್ಟಿ ಪದರದ ಮೇಲೆ. ಕಿತ್ತಾಗ ಹೋಗುವುದೂ ಅದೇ. ಗಾಯವಾದ ಚರ್ಮ ತಾನೇ ಕೂಡಿಕೊಳ್ಳುತ್ತದೆ, ಯಾಕೆಂದರೆ ಅದಕ್ಕೆ ಜೀವವಿದೆ. ಉಗುರಿಗೆ ಆ ಶಕ್ತಿಯಿಲ್ಲ. ಕೆಟ್ಟ ಭಾಗ ಮುಂದೆ ಸರಿದು ಕತ್ತರಿಸಿ ಬೀಳುವವರೆಗೆ ಕೆಟ್ಟೇ ಇರುತ್ತದೆ.

ಅದು ಸರಿಯಲು ಎಷ್ಟು ಕಾಲ ಬೇಕು ಎಂಬುದನ್ನು ನಮ್ಮ ಕಡೆಯ ಹೆಂಗಸರು ಪುಸ್ತಕ ಓದಿ ತಿಳಿಯಬೇಕಾಗಿಲ್ಲ. ಗೋರಂಟಿ ಸೊಪ್ಪು ಅರೆದು ಬೆರಳ ತುದಿಗೆ ಟೋಪಿ ಹಾಕಿದವರೆಲ್ಲ ಇದನ್ನು ಕಂಡಿದ್ದಾರೆ. ಅಂಗೈಯ ಕೆಂಪು ಎರಡು ವಾರದಲ್ಲಿ ಮಾಸಿದರೂ ಉಗುರಿನ ಕೆಂಪು ಹೋಗುವುದಿಲ್ಲ. ಗೋರಂಟಿಯ ಬಣ್ಣದ ಕಣ ಕೆರಾಟಿನ್ನಿಗೇ ಕಚ್ಚಿಕೊಂಡಿರುತ್ತದೆ. ಬುಡದಲ್ಲಿ ಬಿಳಿ ಕಾಣಿಸಿಕೊಂಡು, ತಿಂಗಳಿಗೆ ಸುಮಾರು 3 ಮಿಲಿಮೀಟರಿನಂತೆ ಆ ಗೆರೆ ಮೇಲೇರಿ, ಕೊನೆಯ ಕೆಂಪು ಚೂರು ಕತ್ತರಿಸಿ ಬೀಳುವುದಕ್ಕೆ ನಾಲ್ಕರಿಂದ ಆರು ತಿಂಗಳು ಹಿಡಿಯುತ್ತದೆ. ಕಾಲಿನ ಹೆಬ್ಬೆರಳಾದರೆ ವರ್ಷ ದಾಟುತ್ತದೆ. ಜೆಲ್ ಕಿತ್ತು ತೆಳ್ಳಗಾದ ಉಗುರಿಗೂ ಬೇಕಾಗುವುದು ಇಷ್ಟೇ ಕಾಲ. ಹದಿನೈದು ದಿನದಲ್ಲಿ ಸರಿಮಾಡುತ್ತೇವೆ ಎನ್ನುವ ಯಾವ ಸೀಸೆಯ ಮಾತನ್ನೂ ಈ ಲೆಕ್ಕದ ಎದುರು ಇಟ್ಟು ನೋಡಬೇಕು.

ಇನ್ನು ಜೆಲ್. ಇದರ ಮನೆತನ ಸಾಮಾನ್ಯ ನೇಲ್ ಪಾಲಿಶ್‌ನದಲ್ಲ. ಸಾಮಾನ್ಯ ಪಾಲಿಶ್‌ನಲ್ಲಿ ದ್ರಾವಕ ಆರಿಹೋಗಿ ಬಣ್ಣದ ಪೊರೆ ಉಳಿಯುತ್ತದೆ, ಅಷ್ಟೇ. ಜೆಲ್‌ನಲ್ಲಿ ಆರುವ ಮಾತೇ ಇಲ್ಲ. ಅದರಲ್ಲಿರುವ ಅಕ್ರಿಲೇಟ್, ಮೆಥಾಕ್ರಿಲೇಟ್ ಎಂಬ ಸಣ್ಣ ಅಣುಗಳು ದೀಪದ ನೇರಳಾತೀತ ಕಿರಣ ಬಿದ್ದಾಗ ಒಂದಕ್ಕೊಂದು ಹೆಣೆದುಕೊಂಡು ಗಟ್ಟಿ ಜಾಲವಾಗುತ್ತವೆ. ಹಲ್ಲಿನ ಹುಳುಕಿಗೆ ಬಿಳಿ ಸಿಮೆಂಟು ತುಂಬಿ ನೀಲಿ ದೀಪ ಹಿಡಿಯುವುದೂ ಇದೇ ಬಗೆಯ ರಸಾಯನ. ಈ ನಂಟಿಗೆ ಇತಿಹಾಸವೂ ಇದೆ. 1950ರ ದಶಕದಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ದಂತವೈದ್ಯ ಫ್ರೆಡರಿಕ್ ಸ್ಲ್ಯಾಕ್ ತನ್ನ ಮುರಿದ ಉಗುರನ್ನು ಹಲ್ಲಿನ ಅಕ್ರಿಲಿಕ್‌ನಿಂದ ಸರಿಪಡಿಸಿಕೊಂಡದ್ದರಿಂದ ಕೃತಕ ಉಗುರಿನ ಉದ್ಯಮ ಹುಟ್ಟಿತು. ಅಕ್ರಿಲಿಕ್ ಉಗುರು ದಪ್ಪ, ಅರೆದು ತೆಗೆಯುವ ಕೆಲಸ ದೊಡ್ಡದು. 2010ರಲ್ಲಿ ಸಿ.ಎನ್.ಡಿ. ಕಂಪನಿ 'ಶೆಲ್ಲಾಕ್' ಹೆಸರಿನಲ್ಲಿ ಪಾಲಿಶ್‌ನಂತೆ ಬ್ರಷ್‌ನಿಂದ ಹಚ್ಚಿ, ಅಸಿಟೋನಿನಲ್ಲಿ ನೆನೆಸಿ ತೆಗೆಯಬಹುದಾದ ಜೆಲ್ ತಂದಿತು. ಎರಡು ವಾರ ಹೊಳಪು ಮಾಸದ, ಆರಲು ಕಾಯಬೇಕಿಲ್ಲದ ಬಣ್ಣ ಎಂಬ ಕಾರಣಕ್ಕೆ ಅದು ಜಗತ್ತಿಗೆಲ್ಲ ಹಬ್ಬಿತು.

ನೆನೆಸಿ ತೆಗೆಯಬಹುದು ಎಂಬ ಆ ಮಾತಿನಲ್ಲೇ ಇಡೀ ಸಮಸ್ಯೆ ಅಡಗಿದೆ. ಅಸಿಟೋನ್ ಸಾಮಾನ್ಯ ಪಾಲಿಶನ್ನು ಕರಗಿಸುತ್ತದೆ. ಜೆಲ್‌ನ ಜಾಲವನ್ನು ಪೂರ್ತಿ ಕರಗಿಸಲು ಅದಕ್ಕೆ ಆಗುವುದಿಲ್ಲ. ಒಳಗೆ ನುಗ್ಗಿ ಜೆಲ್ಲನ್ನು ಉಬ್ಬಿಸಿ, ಬಿರುಕು ಬಿಡಿಸಿ, ಉಗುರಿನ ಹಿಡಿತದಿಂದ ಸಡಿಲಿಸುತ್ತದೆ. ಅದಕ್ಕೆ ಹತ್ತರಿಂದ ಹದಿನೈದು ನಿಮಿಷ ಬೇಕು. ಮೇಲಿನ ಹೊಳಪಿನ ಕೋಟನ್ನು ಮೊದಲು ಫೈಲ್‌ನಿಂದ ಉಜ್ಜಿ ಒಡೆಯದಿದ್ದರೆ ಇನ್ನೂ ಹೆಚ್ಚು. ಪಾರ್ಲರಿನಲ್ಲಿ ಮುಂದಿನ ಗಿರಾಕಿ ಕಾಯುತ್ತಿರುತ್ತಾರೆ, ಅಸಿಟೋನಿನ ಹತ್ತಿಯ ಮೇಲೆ ಸುತ್ತಿದ ಫಾಯಿಲನ್ನು ಐದು ನಿಮಿಷಕ್ಕೇ ಬಿಚ್ಚುತ್ತಾರೆ. ಅರ್ಧ ಸಡಿಲವಾದ ಜೆಲ್ಲನ್ನು ಲೋಹದ ಪುಷರ್‌ನಿಂದ ಒತ್ತಿ ಕೆರೆಯುತ್ತಾರೆ. ಅಸಿಟೋನಿನಿಂದ ಉಗುರೂ ಆ ಹೊತ್ತಿಗೆ ಒಣಗಿ ಸೂಕ್ಷ್ಮವಾಗಿರುತ್ತದೆ. ಲೋಹದ ತುದಿಗೆ ಜೆಲ್ ಯಾವುದು, ಉಗುರಿನ ಮೇಲ್ಪದರ ಯಾವುದು ಎಂಬ ಭೇದ ಗೊತ್ತಾಗುವುದಿಲ್ಲ. ಎರಡೂ ಒಟ್ಟಿಗೆ ಏಳುತ್ತವೆ.

ಇದಕ್ಕೂ ಮುಂಚೆ, ಹಚ್ಚುವ ಮೊದಲೇ ಒಂದು ಸುತ್ತು ಸವೆತ ಆಗಿರುತ್ತದೆ. ಜೆಲ್ ಚೆನ್ನಾಗಿ ಹಿಡಿಯಲಿ ಎಂದು ಉಗುರಿನ ಹೊಳಪು ಹೋಗುವಷ್ಟು ಬಫ್ ಮಾಡುತ್ತಾರೆ. ಹಗುರವಾಗಿ ಮಾಡಿದರೆ ದೊಡ್ಡ ನಷ್ಟವಿಲ್ಲ. ಆದರೆ ಪ್ರತಿ ಮೂರು ವಾರಕ್ಕೊಮ್ಮೆ, ಅದೂ ತಿರುಗುವ ಯಂತ್ರದ ಫೈಲ್‌ನಿಂದ ಮಾಡಿದರೆ, ಆರು ತಿಂಗಳು ಬದುಕಬೇಕಾದ ಒಂದೇ ಉಗುರಿನ ತುಂಡು ಏಳೆಂಟು ಸಲ ತೇಯಲ್ಪಡುತ್ತದೆ. ಯಂತ್ರವನ್ನು ಒಂದೇ ಕಡೆ ಒತ್ತಿ ಹಿಡಿದಾಗ ಬಿಸಿ ಚುರುಕ್ಕೆನ್ನುತ್ತದೆ. ಆಮೇಲೆ ಅದೇ ಜಾಗದಲ್ಲಿ ಕೆಂಪನೆಯ ಬಾಗಿದ ಗೆರೆ ಕಾಣುತ್ತದೆ. ಉಗುರು ಅಲ್ಲಿ ತೀರ ತೆಳ್ಳಗಾಗಿ ಅಡಿಯ ಮಾಂಸದ ಬಣ್ಣ ತೋರುತ್ತಿದೆ ಎಂದೇ ಅದರ ಅರ್ಥ. 'ಸ್ವಲ್ಪ ಉರಿಯುತ್ತೆ ಮೇಡಂ, ಪರವಾಗಿಲ್ಲ' ಎಂದು ಹೇಳಿದರೆ ಕೈ ಹಿಂದಕ್ಕೆ ಎಳೆದುಕೊಳ್ಳಿ. ಉರಿಯಬಾರದು.

ಈ ಬಗ್ಗೆ ಅಳತೆಮಾಡಿ ನೋಡಿದ ಸಂಶೋಧನೆ ಅಚ್ಚರಿಪಡುವಷ್ಟು ಕಡಿಮೆ. ಹೆಚ್ಚಾಗಿ ಉಲ್ಲೇಖವಾಗುವುದು ಅಮೆರಿಕದ ಮಯಾಮಿಯ ಚರ್ಮವೈದ್ಯರು 2012ರಲ್ಲಿ ಪ್ರಕಟಿಸಿದ ಪುಟ್ಟ ಅಧ್ಯಯನ. ಜೆಲ್ ಪಾಲಿಶ್‌ಗೆ ಮುಂಚೆ ಮತ್ತು ತೆಗೆದ ಮೇಲೆ ಒಬ್ಬರ ಉಗುರನ್ನು ಅಲ್ಟ್ರಾಸೌಂಡ್ ಮತ್ತು ವಿಶೇಷ ಸೂಕ್ಷ್ಮದರ್ಶಕದಲ್ಲಿ ಅಳೆದಾಗ ಎರಡರಲ್ಲೂ ಉಗುರು ತೆಳ್ಳಗಾದದ್ದು ಕಂಡಿತು. ತೆಳ್ಳಗಾದದ್ದು ಜೆಲ್‌ನ ರಾಸಾಯನಿಕದಿಂದಲೋ ಅಸಿಟೋನಿನಿಂದಲೋ ತೆಗೆಯುವ ಕ್ರಮದಿಂದಲೋ ಎಂದು ಒಂದೇ ಉಗುರಿನಿಂದ ಬಿಡಿಸಿ ಹೇಳಲಾಗುವುದಿಲ್ಲ. ಕೋಟ್ಯಂತರ ಹೆಂಗಸರು ಬಳಸುವ ವಸ್ತುವಿನ ಬಗ್ಗೆ ಸಾಕ್ಷ್ಯ ಇಷ್ಟು ತೆಳುವಾಗಿರುವುದು ಬೇಸರದ ಸಂಗತಿ. ಹೆಂಗಸರ ಅಲಂಕಾರದ ಹಾನಿಯನ್ನು ವಿಜ್ಞಾನ ಗಂಭೀರವಾಗಿ ಎಣಿಸಲು ಶುರುಮಾಡಿದ್ದೇ ತಡವಾಗಿ. ಹಾಗಾಗಿ ತೆಗೆಯುವ ಕ್ರಮದ ಮೇಲೆ ನಾನು ಹೊರಿಸುತ್ತಿರುವ ಹೆಚ್ಚಿನ ಪಾಲು ದೊಡ್ಡ ಪ್ರಯೋಗಗಳಿಂದ ಬಂದದ್ದಲ್ಲ. ಚರ್ಮವೈದ್ಯರು ದಿನವೂ ಕಾಣುವ ಉಗುರುಗಳಿಂದ ಮತ್ತು ಉಗುರಿನ ರಚನೆಯಿಂದ ಬಂದದ್ದು.

ಸರಿಯಾಗಿ ತೆಗೆಯುವುದು ಹೀಗೆ. ಮೇಲಿನ ಹೊಳಪು ಹೋಗುವವರೆಗೆ ಮಾತ್ರ ಫೈಲ್ ಆಡಿಸಬೇಕು, ಬಣ್ಣದ ಕೆಳಗೆ ಇಳಿಯಬಾರದು. ಸುತ್ತಲಿನ ಚರ್ಮಕ್ಕೆ ವ್ಯಾಸಲೀನ್ ಹಚ್ಚಿ, ಉಗುರಿನಷ್ಟೇ ಅಗಲದ ಹತ್ತಿಯನ್ನು ಅಸಿಟೋನಿನಲ್ಲಿ ಅದ್ದಿ ಮೇಲಿಟ್ಟು, ಫಾಯಿಲ್ ಸುತ್ತಬೇಕು. ಬಟ್ಟಲಿನಲ್ಲಿ ಬೆರಳುಗಳನ್ನೇ ಮುಳುಗಿಸಿದರೆ ಚರ್ಮವೂ ಒಣಗಿ ಒಡೆಯುತ್ತದೆ. ಹದಿನೈದು ನಿಮಿಷದ ಮೇಲೆ ಬಿಚ್ಚಿದಾಗ ಜೆಲ್ ತಾನೇ ಸುಕ್ಕಾಗಿ ಎದ್ದಿರಬೇಕು. ಮರದ ಕಡ್ಡಿಯಿಂದ ಮೆಲ್ಲಗೆ ತಳ್ಳಿದರೆ ಜಾರಬೇಕು. ಜಾರದ ಕಡೆ ಕೆರೆಯದೆ ಇನ್ನೈದು ನಿಮಿಷ ಕಟ್ಟಿಡಬೇಕು. ಅಸಿಟೋನಿಗೆ ಬೆಂಕಿ ಬಲುಬೇಗ ಹತ್ತುತ್ತದೆ. ಅಡುಗೆಮನೆಯಲ್ಲಿ, ದೇವರ ದೀಪದ ಹತ್ತಿರ ಈ ಕೆಲಸ ಬೇಡ. ಇನ್ನೊಂದು ಮಾತು ಗೊತ್ತಿರಲಿ: ಉಗುರು ಉದ್ದಮಾಡಲು ಬಳಸುವ ಗಟ್ಟಿ ಜೆಲ್ ಅಸಿಟೋನಿಗೆ ಬಗ್ಗುವುದೇ ಇಲ್ಲ, ಅದನ್ನು ಫೈಲ್‌ನಿಂದಲೇ ತೆಗೆಯಬೇಕು. ಮನೆಯಲ್ಲಿ ಅದಕ್ಕೆ ಕೈ ಹಾಕಬಾರದು. ಪಾರ್ಲರಿನಲ್ಲಿ ಹಚ್ಚಿಸಿಕೊಳ್ಳುವ ಮೊದಲೇ 'ಇದು ನೆನೆಸಿ ತೆಗೆಯೋದೋ, ಉಜ್ಜಿ ತೆಗೆಯೋದೋ' ಎಂದು ಕೇಳಬೇಕು. ಬಹಳ ಕಡೆ ಹಚ್ಚುವುದಕ್ಕೆ ಒಂದು ದರ, ತೆಗೆಯುವುದಕ್ಕೆ ಬೇರೆ ದರ. ಆ ಎರಡನೆಯ ಹಣ ಉಳಿಸಲು ಹೋಗಿಯೇ ಎಷ್ಟೋ ಜನ ಹೆಬ್ಬೆರಳಿನ ಮೊರೆಹೋಗುತ್ತಾರೆ.

ಅಂಚು ಏಕೆ ಏಳುತ್ತದೆ? ನಮ್ಮ ಮನೆಗಳಲ್ಲಿ ಇದಕ್ಕೆ ದೊಡ್ಡ ಕಾರಣ ನೀರು. ಉಗುರು ನೀರು ಹೀರಿ ಉಬ್ಬುತ್ತದೆ, ಆರಿದಾಗ ಕುಗ್ಗುತ್ತದೆ. ಮೇಲಿನ ಜೆಲ್ ಅಷ್ಟು ಹಿಗ್ಗದು, ಕುಗ್ಗದು. ದಿನಕ್ಕೆ ಹತ್ತಾರು ಸಲ ಹೀಗಾದರೆ ತುದಿಯಲ್ಲಿ ಎರಡರ ನಡುವೆ ಸಂದು ಬೀಳುತ್ತದೆ. ಪಾತ್ರೆ ತೊಳೆದು, ಅಕ್ಕಿ ತೊಳೆದು, ಬಟ್ಟೆ ಹಿಂಡಿ, ಮತ್ತೆ ಮತ್ತೆ ಕೈ ಒರೆಸಿಕೊಳ್ಳುವ ಮನೆಯಲ್ಲಿ ಜೆಲ್ ಎರಡು ವಾರ ನಿಲ್ಲುವುದೇ ಕಷ್ಟ. ಹುಳಿಯನ್ನ ಕಲಸಿ ಕೈಯಲ್ಲೇ ಉಣ್ಣುವವರಿಗೆ ತಿಳಿ ಬಣ್ಣದ ಜೆಲ್ ಮೇಲೆ ಅರಿಸಿನ ಹತ್ತಿ ಹಳದಿಯಾಗುವ ಪೀಕಲಾಟ ಬೇರೆ. ಆ ಹಳದಿಯನ್ನು ಉಗುರಿನ ರೋಗವೆಂದು ಹೆದರಿ ಬರುವವರಿದ್ದಾರೆ. ಅದು ಬರೀ ಜೆಲ್‌ನ ಕಲೆ.

ಜೆಲ್ ಒಮ್ಮೆಯೂ ಹಾಕದವರ ಉಗುರೂ ಇದೇ ನೀರಿನಿಂದ ಪದರ ಬಿಡುತ್ತದೆ ಎಂಬುದನ್ನು ಮರೆಯಬಾರದು. ತುದಿಯಲ್ಲಿ ಅಡ್ಡಡ್ಡ ಸೀಳಿ ಪೊರೆ ಪೊರೆಯಾಗಿ ಏಳುವ ಈ ತೊಂದರೆ ಮನೆಗೆಲಸ ಮಾಡುವವರಲ್ಲಿ, ದಾದಿಯರಲ್ಲಿ, ಹೋಟೆಲಿನ ಅಡುಗೆಯವರಲ್ಲಿ ಬಲು ಸಾಮಾನ್ಯ. ಅಂಥವರು ಉಗುರು ಗಟ್ಟಿಯಾಗಲಿ ಎಂದೇ ಜೆಲ್ ಹಾಕಿಸಿಕೊಳ್ಳುತ್ತಾರೆ, ತೆಗೆದಾಗ ಮೊದಲಿಗಿಂತ ಕೆಟ್ಟಿರುವುದನ್ನು ಕಂಡು ಜೆಲ್ಲನ್ನೇ ದೂರುತ್ತಾರೆ. ಇಲ್ಲಿ ಜೆಲ್ ಮೂಲವಲ್ಲ. ನೀರಿಗೆ ಅಸಿಟೋನಿನ ಒಣಗು ಸೇರಿಕೊಂಡು ಹಳೆಯ ತೊಂದರೆ ಬಲಿತಿದೆ.

ಉಗುರಿಗೆ ಉಸಿರಾಡಲು ಬಿಡುವು ಕೊಡಬೇಕು ಎಂಬ ಮಾತನ್ನು ಪಾರ್ಲರಿನವರೂ ಹೇಳುತ್ತಾರೆ, ಅಜ್ಜಿಯರೂ ಹೇಳುತ್ತಾರೆ. ಉಗುರು ಉಸಿರಾಡುವುದಿಲ್ಲ, ಅದನ್ನು ಬೆಳೆಸುವ ಬುಡಕ್ಕೆ ಆಮ್ಲಜನಕವೂ ಆಹಾರವೂ ಬರುವುದು ರಕ್ತದಿಂದ. ಕಾರಣ ತಪ್ಪಾದರೂ ಬಿಡುವು ಕೊಡುವುದು ಸರಿಯೇ. ಬಿಡುವು ಇದ್ದಾಗ ತೇಯುವುದು, ಕೆರೆಯುವುದು, ಅಸಿಟೋನ್ ಮೂರೂ ನಿಂತು, ಹೊಸ ಉಗುರಿಗೆ ಪೆಟ್ಟು ಬೀಳದೆ ಮುಂದೆ ಬರಲು ಅವಕಾಶವಾಗುತ್ತದೆ. ಅಷ್ಟೇ ಮುಖ್ಯವಾಗಿ, ತಿಂಗಳುಗಟ್ಟಲೆ ಬಣ್ಣದ ಅಡಿಯಲ್ಲಿ ಮುಚ್ಚಿಹೋಗಿದ್ದ ಉಗುರು ಕಣ್ಣಿಗೆ ಕಾಣುತ್ತದೆ.

ಇಲ್ಲಿಯವರೆಗೆ ಹೇಳಿದ್ದೆಲ್ಲ ಕೆಲವು ತಿಂಗಳಲ್ಲಿ ಮಾಯುವ ಹಾನಿ. ನನಗೆ ನಿಜವಾಗಿ ಆತಂಕ ಹುಟ್ಟಿಸುವುದು ಮಾಯದ ಇನ್ನೊಂದು ಸಂಗತಿ: ಅಲರ್ಜಿ. ಜೆಲ್‌ನಲ್ಲಿರುವ ಹೇಮಾ ಎಂಬ ಮೆಥಾಕ್ರಿಲೇಟ್ ಗಟ್ಟಿಯಾಗುವ ಮುಂಚೆ ಚರ್ಮಕ್ಕೆ ತಾಗಿದರೆ ಒಳಗಿಳಿದು ದೇಹದ ರಕ್ಷಣಾ ವ್ಯವಸ್ಥೆಯನ್ನು ಕೆರಳಿಸಬಲ್ಲದು. ಹತ್ತಾರು ಸಲ ಏನೂ ಆಗದಿದ್ದವರಿಗೂ ಮುಂದಿನ ಸಲ ಶುರುವಾಗಬಹುದು. ಉಗುರಿನ ಸುತ್ತ ಕೆಂಪು, ತುರಿಕೆ, ಸಣ್ಣ ನೀರುಗುಳ್ಳೆ, ಬೆರಳ ತುದಿ ಒಣಗಿ ಬಿರಿಯುವುದು, ಉಗುರು ಅಡಿಯಿಂದ ಬಿಟ್ಟುಕೊಳ್ಳುವುದು ಇದರ ಗುರುತು. ಕೆಲವರಿಗೆ ಬೆರಳಿನಲ್ಲಿ ಹೆಚ್ಚೇನೂ ಕಾಣದೆ ಕಣ್ಣುರೆಪ್ಪೆ, ಕತ್ತು ಊದಿಕೊಳ್ಳುತ್ತವೆ, ಏಕೆಂದರೆ ಬೆರಳು ದಿನವಿಡೀ ಮುಖ ಮುಟ್ಟುತ್ತಿರುತ್ತದೆ. ಕಣ್ಣಿನ ಕಾಡಿಗೆಯನ್ನು ಬದಲಿಸುತ್ತಾ, ಸೋಪು ಬದಲಿಸುತ್ತಾ ತಿಂಗಳುಗಳೇ ಕಳೆದುಹೋಗುತ್ತವೆ.

ಒಮ್ಮೆ ಬಂದ ಈ ಅಲರ್ಜಿ ಸಾಮಾನ್ಯವಾಗಿ ಜೀವನಪೂರ್ತಿ ಉಳಿಯುತ್ತದೆ. ಅದು ಉಗುರಿನಲ್ಲೇ ನಿಲ್ಲುವುದೂ ಇಲ್ಲ. ಇದೇ ಕುಟುಂಬದ ರಾಸಾಯನಿಕಗಳು ಹಲ್ಲಿನ ಬಿಳಿ ಫಿಲ್ಲಿಂಗ್‌ನಲ್ಲಿವೆ, ಮಂಡಿಯ ಕೀಲು ಬದಲಿಸುವಾಗ ಬಳಸುವ ಮೂಳೆ ಸಿಮೆಂಟಿನಲ್ಲಿವೆ, ಮಧುಮೇಹಿಗಳು ತೋಳಿಗೆ ಅಂಟಿಸಿಕೊಳ್ಳುವ ಕೆಲವು ಸಕ್ಕರೆ ಅಳೆಯುವ ಸಾಧನಗಳ ಅಂಟಿನಲ್ಲಿವೆ. ಇಪ್ಪತ್ತೈದರಲ್ಲಿ ಹಚ್ಚಿಕೊಂಡ ಬಣ್ಣ ಅರವತ್ತರಲ್ಲಿ ಮಂಡಿಯ ಶಸ್ತ್ರಚಿಕಿತ್ಸೆಗೆ ತೊಡಕಾಗಬಹುದು ಎಂಬುದು ಜಾಹೀರಾತಿನಲ್ಲಿ ಬರುವ ಮಾತಲ್ಲ. ಅಮೆರಿಕದ ಸಂಪರ್ಕ ಚರ್ಮರೋಗ ತಜ್ಞರ ಸಂಘ 2012ರಲ್ಲೇ ಅಕ್ರಿಲೇಟುಗಳನ್ನು ವರ್ಷದ ಅಲರ್ಜಿಕಾರಕವೆಂದು ಹೆಸರಿಸಿ ಎಚ್ಚರಿಸಿತ್ತು. ಬ್ರಿಟನ್ನಿನ ಚರ್ಮವೈದ್ಯರ ಸಂಘ 2018ರಲ್ಲಿ ಜೆಲ್ ಮತ್ತು ಅಕ್ರಿಲಿಕ್ ಉಗುರುಗಳಿಂದ ಅಲರ್ಜಿ ಹೆಚ್ಚುತ್ತಿದೆ ಎಂದು ಸಾರ್ವಜನಿಕರಿಗೆ ತಿಳಿಸಿತು. ಯುರೋಪಿಯನ್ ಒಕ್ಕೂಟ 2021ರಿಂದ ಹೇಮಾ ಇರುವ ಉಗುರಿನ ಸಾಮಗ್ರಿಯನ್ನು ವೃತ್ತಿಪರರು ಮಾತ್ರ ಬಳಸಬೇಕು, ಅಲರ್ಜಿಯ ಎಚ್ಚರಿಕೆಯನ್ನು ಸೀಸೆಯ ಮೇಲೆ ಅಚ್ಚುಹಾಕಬೇಕು ಎಂದು ನಿಯಮ ಮಾಡಿತು.

ಆ ನಿಯಮದ ಹಿಂದಿನ ತರ್ಕ ನಮ್ಮಲ್ಲಿ ಮನೆಯ ಕಿಟ್ ತರಿಸುವವರಿಗೂ ಅನ್ವಯಿಸುತ್ತದೆ. ಅನುಭವವಿಲ್ಲದ ಕೈಯಿಂದ ಜೆಲ್ ಉಗುರಿನ ಸುತ್ತಲಿನ ಚರ್ಮಕ್ಕೆ ಹರಿಯುತ್ತದೆ. ಎಡಗೈಯಿಂದ ಬಲಗೈಗೆ ಹಚ್ಚುವಾಗಲಂತೂ ಖಂಡಿತ. ಇನ್ನೊಂದು ಕಂಪನಿಯ ಅಗ್ಗದ ದೀಪದಲ್ಲಿ ಅದು ಮೇಲೆ ಮಾತ್ರ ಗಟ್ಟಿಯಾಗಿ ಒಳಗೆ ಹಸಿಯಾಗಿಯೇ ಉಳಿಯುತ್ತದೆ. ಹಸಿ ಜೆಲ್ ಎರಡು ವಾರ ಬೆರಳಿಗೆ ಅಂಟಿಕೊಂಡಿರುತ್ತದೆ ಎಂದಾಯಿತು. ಹಾಗಾಗಿ ಮನೆಯಲ್ಲೇ ಮಾಡಿಕೊಂಡರೆ ಅಗ್ಗ ಎಂಬ ಲೆಕ್ಕವನ್ನು ನಾನು ಒಪ್ಪುವುದಿಲ್ಲ. ಮನೆಯಲ್ಲಿ ಬಣ್ಣ ಬೇಕೆಂದರೆ ಸಾಮಾನ್ಯ ನೇಲ್ ಪಾಲಿಶ್ ಇದೆ. ಅದು ಮೂರು ದಿನಕ್ಕೆ ಚಕ್ಕೆ ಏಳುತ್ತದೆ, ಏಳಲಿ. ತುರಿಕೆ ಒಮ್ಮೆ ಶುರುವಾದರೆ ಜೆಲ್ ಅಲ್ಲಿಗೇ ನಿಲ್ಲಿಸಿ ಚರ್ಮರೋಗ ತಜ್ಞರಲ್ಲಿ ಪ್ಯಾಚ್ ಟೆಸ್ಟ್ ಮಾಡಿಸಬೇಕು. ಬೇರೆ ಬ್ರಾಂಡ್ ಹಾಕಿ ನೋಡೋಣ ಎಂದು ಪ್ರಯೋಗ ಮಾಡುವುದು ತುಂಬ ಅಪಾಯ. 'ಹೇಮಾ ಇಲ್ಲ' ಎಂದು ಬರೆದ ಸೀಸೆಯಲ್ಲಿ ಅದರ ದಾಯಾದಿಗಳು ಇರುತ್ತವೆ.

ದೀಪದ ಬಗ್ಗೆ ಹೆದರಿಕೆ ಹೆಚ್ಚು, ತಿಳಿವಳಿಕೆ ಕಡಿಮೆ. ಎಲ್‌ಇಡಿ ಎಂದು ಬರೆದಿದ್ದರೂ ಅದು ಸೂಸುವುದು ನೇರಳಾತೀತ ಎ ಕಿರಣವನ್ನೇ. 2023ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೋ ಶಾಖೆಯ ಸಂಶೋಧಕರು ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಸಿದ ಮನುಷ್ಯ ಮತ್ತು ಇಲಿಯ ಜೀವಕೋಶಗಳನ್ನು ಇಂಥ ದೀಪದ ಕೆಳಗಿಟ್ಟು ಫಲಿತಾಂಶ ಪ್ರಕಟಿಸಿದರು. 20 ನಿಮಿಷಕ್ಕೆ ಶೇಕಡ 20ರಿಂದ 30ರಷ್ಟು ಕೋಶಗಳು ಸತ್ತವು, ಉಳಿದವುಗಳ ಡಿಎನ್‌ಎಯಲ್ಲಿ ಹಾನಿ ಕಂಡಿತು. ಸುದ್ದಿವಾಹಿನಿಗಳು ಇದನ್ನು ಕ್ಯಾನ್ಸರ್ ಎಂದೇ ಸಾರಿದವು. ಆದರೆ ತಟ್ಟೆಯ ಕೋಶಗಳಿಗೆ ಚರ್ಮದ ಮೇಲ್ಪದರದ ಕಾಪು ಇರಲಿಲ್ಲ, ಒಂದು ಮ್ಯಾನಿಕ್ಯೂರಿನಲ್ಲಿ ಬೆಳಕು ಬೀಳುವುದೂ ಕೆಲವೇ ನಿಮಿಷ. ಜನರಲ್ಲಿ ಅಪಾಯ ಎಷ್ಟೆಂದು ಈ ಪ್ರಯೋಗ ಹೇಳಲಾರದು ಎಂದು ಸಂಶೋಧಕರೇ ಒಪ್ಪಿದ್ದಾರೆ. ಅಪಾಯ ಸಣ್ಣದು, ತಡೆಯುವುದು ಸುಲಭ: ಸನ್‌ಸ್ಕ್ರೀನ್ ಹಚ್ಚಿಕೊಳ್ಳಿ, ಇಲ್ಲವೇ ಬೆರಳ ತುದಿ ಕತ್ತರಿಸಿದ ಗವಸು ಹಾಕಿಕೊಂಡು ಕೈ ಒಳಗಿಡಿ. ಬೆಳಕಿಗೆ ಮೈ ಸೂಕ್ಷ್ಮವಾಗುವ ಕೆಲವು ಮಾತ್ರೆಗಳನ್ನು, ಉದಾಹರಣೆಗೆ ಮೊಡವೆಗೆ ಕೊಡುವ ಡಾಕ್ಸಿಸೈಕ್ಲಿನ್, ತೆಗೆದುಕೊಳ್ಳುತ್ತಿರುವವರು ದೀಪದಿಂದ ದೂರವಿರುವುದು ಒಳ್ಳೆಯದು. ಜೆಲ್ ಗಟ್ಟಿಯಾಗಲು ನೆರವಾಗುತ್ತಿದ್ದ ಟಿಪಿಓ ಎಂಬ ರಾಸಾಯನಿಕವನ್ನು ಯುರೋಪಿಯನ್ ಒಕ್ಕೂಟ 2025ರ ಸೆಪ್ಟೆಂಬರ್ 1ರಿಂದ ಸೌಂದರ್ಯ ಸಾಮಗ್ರಿಗಳಲ್ಲಿ ನಿಷೇಧಿಸಿದೆ. ಪ್ರಾಣಿಗಳ ಮೇಲಿನ ಪ್ರಯೋಗದಲ್ಲಿ ಸಂತಾನಶಕ್ತಿಗೆ ಹಾನಿ ಕಂಡದ್ದು ಅದಕ್ಕೆ ಕಾರಣ. ಸೀಸೆಯ ಪಟ್ಟಿ ಓದುವ ಅಭ್ಯಾಸವಿರುವವರು ಆ ಹೆಸರನ್ನೂ ನೋಡಿಕೊಳ್ಳಬಹುದು.

ಕೆಟ್ಟುಹೋದ ಉಗುರಿಗೆ ಈಗ ಏನು ಮಾಡುವುದು? ಮೊದಲು ಕತ್ತರಿಸಿ, ಮಾಂಸದ ಅಂಚಿನವರೆಗೆ. ಉದ್ದ ಉಳಿದಷ್ಟೂ ಸೀಳು ಹಿಂದಕ್ಕೆ ಓಡುತ್ತದೆ. ತೆಳ್ಳಗಾದ ಉಗುರಿಗೆ ಕಟರ್‌ಗಿಂತ ನುಣುಪಾದ ಫೈಲ್ ಮೇಲು, ಅದನ್ನೂ ಗರಗಸದಂತೆ ಹಿಂದೆ ಮುಂದೆ ಎಳೆಯದೆ ಒಂದೇ ದಿಕ್ಕಿಗೆ ಆಡಿಸಬೇಕು. ಎದ್ದ ಪೊರೆಯನ್ನು ಎಳೆದು ಕೀಳಬಾರದು, ತುದಿಯನ್ನಷ್ಟೇ ಸವರಬೇಕು. ಒರಟು ಕಾಣುತ್ತದೆಂದು ಮೇಲ್ಮೈಯನ್ನು ಬಫ್ ಮಾಡಿದರೆ ಉಳಿದಿರುವ ಅಷ್ಟಿಷ್ಟೂ ಹೋಗುತ್ತದೆ. ಕೈ ತೊಳೆದ ಪ್ರತಿ ಸಲವೂ, ಮಲಗುವ ಮುಂಚೆ ಮರೆಯದೆ, ಉಗುರಿಗೂ ಬುಡದ ಚರ್ಮಕ್ಕೂ ವ್ಯಾಸಲೀನ್ ಅಥವಾ ದಪ್ಪನೆಯ ಕ್ರೀಮ್ ತಿಕ್ಕಿ. ಕೊಬ್ಬರಿ ಎಣ್ಣೆ ಆದೀತೇ ಎಂದು ಕೇಳುತ್ತಾರೆ. ಆದೀತು. ಇವೆಲ್ಲವೂ ಮಾಡುವ ಕೆಲಸ ಒಂದೇ, ಒಳಗಿನ ತೇವ ಹಾರಿಹೋಗದಂತೆ ತಡೆದು ಉಗುರು ಬಾಗುವ ಗುಣ ಉಳಿಸುವುದು. ಯೂರಿಯಾ ಇರುವ ಕ್ರೀಮ್ ಸಿಕ್ಕರೆ ಇನ್ನೂ ಚೆನ್ನ. ಪಾತ್ರೆ ತೊಳೆಯುವಾಗ ರಬ್ಬರ್ ಗವಸು, ಅದರೊಳಗೆ ಬೆವರು ಹೀರಲು ತೆಳು ಹತ್ತಿಯದು. ಈ ಗವಸಿನ ಮಾತು ಕೇಳಿದ ತಕ್ಷಣ ನಮ್ಮ ಮನೆಗಳಲ್ಲಿ ಮುಖ ಸಿಂಡರಿಸುತ್ತಾರೆ. ಆದರೆ ಇಡೀ ಪಟ್ಟಿಯಲ್ಲಿ ಅತಿ ಹೆಚ್ಚು ಫಲ ಕೊಡುವುದು ಇದೇ.

ಗಟ್ಟಿ ಮಾಡುತ್ತೇವೆಂದು ಮಾರುವ ನೇಲ್ ಹಾರ್ಡ್‌ನರ್ ಬಗ್ಗೆ ಎಚ್ಚರ ಬೇಕು. ಅವುಗಳಲ್ಲಿ ಕೆಲವು ಫಾರ್ಮಾಲ್ಡಿಹೈಡ್‌ನಿಂದ ಕೆಲಸ ಮಾಡುತ್ತವೆ. ಮೊದಲ ವಾರ ಉಗುರು ಗಟ್ಟಿಯಾಯಿತು ಅನ್ನಿಸುತ್ತದೆ, ಮುಂದುವರಿಸಿದರೆ ಬಾಗುವ ಗುಣ ಹೋಗಿ ಒಣ ಹಪ್ಪಳದಂತೆ ಪಟ್ಟನೆ ಮುರಿಯುತ್ತದೆ. ಬೆಳ್ಳುಳ್ಳಿ ಉಜ್ಜುವುದು, ನಿಂಬೆಹುಳಿ ತಿಕ್ಕುವುದು ಬೇಡವೇ ಬೇಡ. ಹಸಿ ಬೆಳ್ಳುಳ್ಳಿ ಚರ್ಮ ಸುಡುತ್ತದೆ, ನಿಂಬೆ ಇನ್ನಷ್ಟು ಒಣಗಿಸುತ್ತದೆ. ಬಿಳಿ ಚುಕ್ಕೆ ಕಂಡರೆ ಕ್ಯಾಲ್ಸಿಯಂ ಕಡಿಮೆ ಎನ್ನುವ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿ ಕೂತಿದೆ. ಉಗುರಿನಲ್ಲಿ ಕ್ಯಾಲ್ಸಿಯಂ ಇರುವುದೇ ತೀರ ಅತ್ಯಲ್ಪ, ಅದರ ಗಡಸು ಬರುವುದು ಕೆರಾಟಿನ್ನಿನೊಳಗಿನ ಗಂಧಕದ ಬಂಧಗಳಿಂದ. ಜೆಲ್ ತೆಗೆದ ಮೇಲೆ ಕಾಣುವ ಬಿಳಿ ಚುಕ್ಕೆ ಸುಮ್ಮನೆ ಮೇಲ್ಪದರ ಕಿತ್ತ ಗುರುತು.

ಬಯೋಟಿನ್ ಎಂಬ ಜೀವಸತ್ವದ ಕತೆ ಸ್ವಲ್ಪ ಉದ್ದದ್ದು. ಕುದುರೆಯ ಗೊರಸು ಬಯೋಟಿನ್‌ನಿಂದ ಗಟ್ಟಿಯಾಗುವುದನ್ನು ಪಶುವೈದ್ಯರು ಕಂಡಿದ್ದರು. ಅದೇ ಜಾಡಿನಲ್ಲಿ 1980ರ ದಶಕದ ಕೊನೆಗೆ ಯುರೋಪಿನಲ್ಲಿ ದಿನಕ್ಕೆ 2.5 ಮಿಲಿಗ್ರಾಂ ಕೊಟ್ಟು ಸಣ್ಣ ಅಧ್ಯಯನಗಳು ನಡೆದವು. ಕೆಲವರ ಉಗುರು ದಪ್ಪವಾಯಿತು. ಹೋಲಿಸಿ ನೋಡಲು ಸಕ್ಕರೆ ಮಾತ್ರೆ ಪಡೆದ ಗುಂಪು ಆ ಅಧ್ಯಯನಗಳಲ್ಲಿ ಇರಲಿಲ್ಲ. ಇಷ್ಟು ಆಧಾರದ ಮೇಲೆ ಇಂದು 10 ಮಿಲಿಗ್ರಾಂ ಮಾತ್ರೆಗಳು ಚೀಟಿಯಿಲ್ಲದೆ ಮಾರಾಟವಾಗುತ್ತಿವೆ. ಕೆರೆದು ತೆಳ್ಳಗಾದ ಉಗುರಿನ ತುಂಡಿಗೆ ಮಾತ್ರೆ ತಲುಪುವ ದಾರಿಯೇ ಇಲ್ಲ, ಏನಾದರೂ ಆಗುವುದಿದ್ದರೆ ಇನ್ನು ಹುಟ್ಟುವ ಉಗುರಿಗೆ. ಹೆಚ್ಚಿನ ಪ್ರಮಾಣದ ಬಯೋಟಿನ್ ಕೆಲವು ರಕ್ತಪರೀಕ್ಷೆಗಳನ್ನು ದಾರಿತಪ್ಪಿಸುತ್ತದೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲಿ ಎಚ್ಚರಿಸಿತು. ಥೈರಾಯ್ಡ್ ಅಂಕಿಗಳು ಅದಲುಬದಲಾಗಬಹುದು. ಹೃದಯಾಘಾತ ಪತ್ತೆಹಚ್ಚುವ ಟ್ರೊಪೊನಿನ್ ಪರೀಕ್ಷೆಯಲ್ಲಿ ಏನೂ ಇಲ್ಲವೆಂದು ತೋರಬಹುದು. ತೆಗೆದುಕೊಳ್ಳುತ್ತಿದ್ದರೆ ರಕ್ತ ಕೊಡುವ ಮುಂಚೆ ವೈದ್ಯರಿಗೆ ಹೇಳಲೇಬೇಕು.

ಮಾತ್ರೆಯ ಹಣದಲ್ಲಿ ಒಂದು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿಕೊಳ್ಳುವುದು ಹೆಚ್ಚು ಉಪಯುಕ್ತ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇಕಡ 57 ಮಂದಿಗೆ ರಕ್ತಹೀನತೆ ಇದೆ, ಕರ್ನಾಟಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ. ಕಬ್ಬಿಣದ ಕೊರತೆಯಲ್ಲಿ ಉಗುರು ತೆಳುವಾಗುತ್ತದೆ, ಸೀಳುತ್ತದೆ, ಬಲಿತರೆ ಚಮಚದಂತೆ ಒಳಗೆ ತಗ್ಗಾಗುತ್ತದೆ. ಥೈರಾಯ್ಡ್ ಕಡಿಮೆಯಾದಾಗಲೂ ಉಗುರು ಒಣಗಿ ಒಡೆಯುತ್ತದೆ. ಇಂಥ ಹೆಂಗಸರು ಜೆಲ್ ಹಾಕಿಸಿಕೊಂಡಿದ್ದರೆ ತಪ್ಪೆಲ್ಲ ಜೆಲ್ ಮೇಲೆ ಹೋಗಿ ರೋಗ ಹಾಗೇ ಉಳಿಯುತ್ತದೆ. ಗುರುತು ಹಿಡಿಯಲು ಒಂದು ಸುಳಿವಿದೆ: ಜೆಲ್ ತಾಗದ ಕಾಲಿನ ಉಗುರುಗಳೂ ಹಾಗೇ ಇವೆಯೇ ನೋಡಿ. ಜೊತೆಗೆ ಸುಸ್ತು, ಕೂದಲುದುರುವುದು, ಮುಟ್ಟಿನಲ್ಲಿ ಹೆಚ್ಚು ರಕ್ತ ಹೋಗುವುದು ಇದ್ದರೆ ಉಗುರಿನ ಚಿಂತೆ ಬದಿಗಿಟ್ಟು ವೈದ್ಯರನ್ನು ಕಾಣಿ.

ಉಗುರು ಅಡಿಯಿಂದ ಬಿಟ್ಟುಕೊಂಡು ಆ ಸಂದಿನಲ್ಲಿ ಹಸಿರು ಬಣ್ಣ ಕಂಡರೆ ಅದು ಬ್ಯಾಕ್ಟೀರಿಯಾ, ತೇವದ ಸಂದಿನಲ್ಲಿ ಬೆಳೆಯುವ ಸ್ಯೂಡೊಮೊನಾಸ್. ಮೇಲೆ ಜೆಲ್ ಹಾಕಿ ಮುಚ್ಚಿದರೆ ಇನ್ನಷ್ಟು ಬೆಳೆಯುತ್ತದೆ. ಬುಡದ ಚರ್ಮ ಊದಿ ಕೀವಾದರೆ ಉಗುರುಸುತ್ತು. ಅಂದಕ್ಕೆಂದು ಕ್ಯೂಟಿಕಲ್ ಕತ್ತರಿಸಿದವರಿಗೆ ಅದು ಬೇಗ ಬರುತ್ತದೆ, ಏಕೆಂದರೆ ನೀರು, ರೋಗಾಣು ಒಳಗಿಳಿಯದಂತೆ ಮುಚ್ಚಿರುವುದು ಆ ತೆಳು ಚರ್ಮವೇ. ಒಂದೇ ಉಗುರಿನಲ್ಲಿ ಉದ್ದಕ್ಕೆ ಕಪ್ಪು ಪಟ್ಟಿ ಹೊಸದಾಗಿ ಮೂಡಿ ಅಗಲವಾಗುತ್ತಿದ್ದರೆ ಒಂದು ದಿನವೂ ತಡಮಾಡಬಾರದು. ಅಪರೂಪಕ್ಕೆ ಅದು ಕ್ಯಾನ್ಸರಿನ ಗುರುತಾಗಿರುತ್ತದೆ.

ಗಿರಾಕಿಯ ಕೈಯ ಬಗ್ಗೆ ಇಷ್ಟು ಬರೆದ ಮೇಲೆ ಎದುರು ಕೂತವಳ ಕೈಯ ಬಗ್ಗೆ ಬರೆಯದಿರುವುದು ಅನ್ಯಾಯ. ಹತ್ತು ಉಗುರಿನ ಜೆಲ್ ನಮಗೆ ತಿಂಗಳಿಗೊಮ್ಮೆ ತಾಗಿದರೆ ಆಕೆಗೆ ದಿನಕ್ಕೆ ಹಲವು ಸಲ ತಾಗುತ್ತದೆ. ಅಸಿಟೋನಿನ ಆವಿ, ಫೈಲ್‌ನ ಧೂಳು ಇಡೀ ದಿನ ಆಕೆಯ ಮೂಗಿಗೆ. ಬೆಂಗಳೂರಿನ ನೇಲ್ ಸ್ಟುಡಿಯೋಗಳಲ್ಲಿ ದುಡಿಯುವವರಲ್ಲಿ ಈಶಾನ್ಯ ರಾಜ್ಯಗಳಿಂದ ಬಂದ ಯುವತಿಯರು ಬಹಳ. ಅಲರ್ಜಿ ಬಂದರೆ ಅವರಿಗೆ ಹೋಗುವುದು ಅಲಂಕಾರವಲ್ಲ, ಅನ್ನ. ನ್ಯೂಯಾರ್ಕಿನ ನೇಲ್ ಸಲೂನ್‌ಗಳ ಕೂಲಿ ಮತ್ತು ಆರೋಗ್ಯದ ದುಸ್ಥಿತಿಯನ್ನು 2015ರಲ್ಲಿ ನ್ಯೂಯಾರ್ಕ್ ಟೈಮ್ಸ್ ಬಯಲಿಗೆಳೆದಾಗ ಅಲ್ಲಿನ ರಾಜ್ಯ ಸರ್ಕಾರ ಕೆಲವೇ ದಿನಗಳಲ್ಲಿ ತುರ್ತು ಕ್ರಮಕ್ಕೆ ಇಳಿಯಿತು. ಗವಸು, ಗಾಳಿಯಾಟ, ತಪಾಸಣೆ ಇವೆಲ್ಲ ನಿಯಮದ ಮಾತಾದವು. ನಮ್ಮ ಸಲೂನ್‌ಗಳಲ್ಲೂ ಇಷ್ಟಾದರೂ ಆಗಬೇಕು. ಲೇಟೆಕ್ಸ್ ಗವಸನ್ನು ಮೆಥಾಕ್ರಿಲೇಟ್ ನಿಮಿಷಗಳಲ್ಲೇ ದಾಟುತ್ತದೆ, ನೈಟ್ರೈಲ್ ಗವಸು ಬೇಕು, ಅದನ್ನೂ ಆಗಾಗ ಬದಲಿಸಬೇಕು. ಕೆಲಸಗಾರ್ತಿಗೆ ಹೊತ್ತು ಕೊಟ್ಟರೆ ಗಿರಾಕಿಯ ಉಗುರೂ ಉಳಿಯುತ್ತದೆ. ಐದು ನಿಮಿಷಕ್ಕೆ ಫಾಯಿಲ್ ಬಿಚ್ಚುವ ಹುಡುಗಿ ಅದನ್ನು ಸೋಮಾರಿತನದಿಂದ ಮಾಡುವುದಿಲ್ಲ, ಗಂಟೆಗಿಷ್ಟು ಗಿರಾಕಿ ಎಂಬ ಲೆಕ್ಕ ಆಕೆಯ ಬೆನ್ನ ಮೇಲಿರುತ್ತದೆ. ತೆಗೆಯುವ ಕೆಲಸಕ್ಕೆ ಅರ್ಧ ಗಂಟೆ ಬೇರೆಯಾಗಿ ಕಾದಿರಿಸಿ, ಅದರ ದುಡ್ಡು ಬೇರೆಯಾಗಿ ಕೊಡಿ, ಪುಷರ್ ಬೇಡ ಎಂದು ಮೊದಲೇ ಹೇಳಿ.

ಮತ್ತೆ ಯಾವಾಗ ಹಾಕಿಸಿಕೊಳ್ಳಬಹುದು ಎಂಬ ಪ್ರಶ್ನೆ ಉಳಿಯಿತು. ತುರಿಕೆ, ಊತ, ಉಗುರು ಬಿಟ್ಟುಕೊಳ್ಳುವುದು ಇದ್ದವರು ಚರ್ಮವೈದ್ಯರನ್ನು ಕೇಳದೆ ಹಾಕಿಸಿಕೊಳ್ಳಬಾರದು. ಉಳಿದವರು ಬುಡದಿಂದ ಬರುತ್ತಿರುವ ನುಣುಪಾದ ಹೊಸ ಉಗುರು ಮತ್ತು ಹಳೆಯ ಒರಟು ಭಾಗ ಕೂಡುವ ಗೆರೆಯನ್ನು ನೋಡುತ್ತಿರಿ. ಆ ಗೆರೆ ತುದಿ ದಾಟಿ ಕತ್ತರಿಸಿ ಹೋಗುವವರೆಗೆ ಕಾಯುವುದು ಒಳ್ಳೆಯದು. ಮದುವೆ ಹತ್ತಿರವಿದ್ದು ಕಾಯಲಾಗದಿದ್ದರೆ ಸಾಮಾನ್ಯ ಪಾಲಿಶ್ ಹಚ್ಚಿ, ವಾರಕ್ಕೊಂದು ಸಲಕ್ಕಿಂತ ಹೆಚ್ಚು ರಿಮೂವರ್ ಮುಟ್ಟಬೇಡಿ. ಶಸ್ತ್ರಚಿಕಿತ್ಸೆ ಗೊತ್ತಾಗಿದ್ದರೆ, ಹೆರಿಗೆಯ ದಿನ ಹತ್ತಿರವಿದ್ದರೆ ಜೆಲ್ ಬೇಡ: ಬೆರಳಿಗೆ ಹಾಕುವ ಆಮ್ಲಜನಕ ಮಾಪಕದ ಲೆಕ್ಕವನ್ನು ಗಾಢ ಬಣ್ಣ ಏರುಪೇರು ಮಾಡಬಹುದು. ಆಸ್ಪತ್ರೆಯಲ್ಲಿ ತೆಗೆಯಿರಿ ಎಂದಾಗ ನೆನೆಸುವುದಕ್ಕೆ ಹದಿನೈದು ನಿಮಿಷ ಯಾರಿಗೂ ಇರುವುದಿಲ್ಲ.